ಆಡಿಟ್ ದಿನ ಎಲ್ಲವೂ ಸರಿಯಾಗಿಯೇ ಇರುತ್ತದೆ

ಬಟ್ಟೆ ಬ್ರ್ಯಾಂಡ್‌ಗಳು ತಮಗೆ ಹೊಲಿದುಕೊಡುವ ಫ್ಯಾಕ್ಟರಿಗಳಲ್ಲಿ ವರ್ಷಕ್ಕೊಮ್ಮೆ ಆಡಿಟ್ (ಕೆಲಸದ ಪರಿಸ್ಥಿತಿಯ ತಪಾಸಣೆ) ಮಾಡಿಸುತ್ತವೆ, ಆದ್ದರಿಂದ ಕಾರ್ಮಿಕರ ಮಾತು ಮೇಲಕ್ಕೆ ತಲುಪುತ್ತದೆ ಎಂಬ ವಾದವಿದೆ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಅದು ಅಷ್ಟು ಸಲೀಸಲ್ಲ. ಆಡಿಟರ್ ಜೊತೆ ಮಾತಾಡಲು ಯಾರನ್ನು ಕಳಿಸಬೇಕೆಂದು ಸೂಪರ್‌ವೈಸರ್ ಆರಿಸಿದರೆ, ಮಾತು ಫ್ಯಾಕ್ಟರಿಯ ಕೋಣೆಯಲ್ಲೇ ನಡೆದರೆ, ಟೈಲರ್ ಬಾಯಿ ಬಿಡುವುದಿಲ್ಲ. ಭಾನುವಾರ, ಮನೆ ಹತ್ತಿರ, ಯೂನಿಯನ್‌ನವರ ಮೂಲಕ ಕೇಳಬೇಕು. ಹಾಸ್ಟೆಲ್‌ನಲ್ಲಿರುವ ಒಡಿಶಾ, ಜಾರ್ಖಂಡ್ ಹುಡುಗಿಯರನ್ನು ಕನ್ನಡದಲ್ಲಿ ಕೇಳಿ ಪ್ರಯೋಜನವಿಲ್ಲ.

ಕಾಗದದಲ್ಲಿ ನೋಡಬೇಕಾದ್ದು ಪಂಚಿಂಗ್ ದಾಖಲೆ (ಬಂದುಹೋದ ಸಮಯ), ಸಂಬಳದ ಚೀಟಿ, ಹೊಲಿಗೆ ಲೈನಿನ ಗಂಟೆವಾರು ಉತ್ಪಾದನೆ, ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು. ಪಂಚ್ ಔಟ್ ಆದ ಮೇಲೂ ಪೀಸ್ ಹೊರಬಂದಿದ್ದರೆ ಅದು ಲೆಕ್ಕಕ್ಕೆ ಸಿಗದ ಓಟಿ (ಹೆಚ್ಚುವರಿ ಅವಧಿಯ ಕೆಲಸ). ಕಾನೂನಿನ ಪ್ರಕಾರ ಅದಕ್ಕೆ ದುಪ್ಪಟ್ಟು ಕೂಲಿ ಕೊಡಬೇಕು.

ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು: ಅಧ್ಯಕ್ಷೆ ಮಹಿಳೆ, ಕನಿಷ್ಠ ಅರ್ಧ ಸದಸ್ಯರು ಮಹಿಳೆಯರು, ಹೊರಗಿನವರೊಬ್ಬರು. ನೋಟಿಸ್ ಬೋರ್ಡಿನಲ್ಲಿ ಹೆಸರುಗಳೇನೋ ಇರುತ್ತವೆ (ಚಂದದ ಫ್ರೇಮ್ ಕೂಡ). ಆ ಸದಸ್ಯರು ಯಾರೆಂದು ಲೈನಿನಲ್ಲಿ ಹತ್ತು ಜನರನ್ನು ಕೇಳಿ ನೋಡಿ.

2020ರಲ್ಲಿ ರಾಜ್ಯ ಸರ್ಕಾರ ಕನಿಷ್ಠ ವೇತನದ ಭಾಗವಾದ ತುಟ್ಟಿಭತ್ಯೆಯನ್ನು ಮುಂದೂಡಿತು, ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಎಷ್ಟೋ ಫ್ಯಾಕ್ಟರಿಗಳು ಆ ಹಣ ಕೊಡಲಿಲ್ಲ. ಕನಿಷ್ಠ ವೇತನ ಕೊಡಲೇಬೇಕೆಂಬ ಬ್ರ್ಯಾಂಡ್‌ಗಳ ನೀತಿಸಂಹಿತೆ ಆಗಲೂ ಗೋಡೆಯ ಮೇಲೆ ನೇತಾಡುತ್ತಿತ್ತು. ಬಾಕಿ ಹಣ ಕೈಗೆ ಬಂದದ್ದು ಕಾರ್ಮಿಕ ಸಂಘಟನೆಗಳು ಬ್ರ್ಯಾಂಡ್‌ಗಳ ಬೆನ್ನುಬಿದ್ದ ಮೇಲೆ. ಇನ್ನು ಪೀಸಿನ ದರ ಇಳಿಸಿ, ಶಿಪ್‌ಮೆಂಟ್ ಇನ್ನೂ ಬೇಗ ಬೇಕೆನ್ನುವ ಬ್ರ್ಯಾಂಡ್‌ನ ಖರೀದಿ ವಿಭಾಗವನ್ನು ಯಾವ ಆಡಿಟರೂ ಪ್ರಶ್ನೆ ಕೇಳುವುದಿಲ್ಲ.