ಸರ್ವರೋಗಕ್ಕೂ ಫಾರ್ಮ್ಯಾಟೇ ಮದ್ದು

ಕಂಪ್ಯೂಟರ್ ಹ್ಯಾಂಗ್ ಆದರೆ ನಮ್ಮಲ್ಲಿ ಚಿಕಿತ್ಸಾಕ್ರಮ ನಿಗದಿಯಾಗಿದೆ. ಮೊದಲು ರೀಸ್ಟಾರ್ಟ್, ಆಮೇಲೆ "ವೈರಸ್ ಬಂದಿರಬೇಕು" ಎಂಬ ತೀರ್ಪು, ಕೊನೆಗೆ ಫಾರ್ಮ್ಯಾಟ್. ಫಾರ್ಮ್ಯಾಟ್ ಆದ ಎರಡು ದಿನ ಎಲ್ಲವೂ ಸರಿಯಾಗಿಯೇ ಇರುತ್ತದೆ. ಪ್ರಿಂಟರ್ ಡ್ರೈವರ್, ನುಡಿ, ಟ್ಯಾಲಿ ಎಲ್ಲ ಮತ್ತೆ ಹಾಕಿಕೊಳ್ಳುವುದರಲ್ಲೇ ಆ ಎರಡು ದಿನ ಮುಗಿದಿರುತ್ತದೆ, ಕೆಲಸ ಯಾರೂ ಮಾಡಿರುವುದಿಲ್ಲ. ಮೂರನೇ ದಿನ, ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆ ಹಾಜರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪದ್ಧತಿ ಕಂಪ್ಯೂಟರಿಗೂ ಗೊತ್ತಿದೆ. ಅನ್‌ರಿಯಲ್ ಎಂಜಿನ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ಹಲವು ಆಟಗಳು "ವಿಡಿಯೋ ಮೆಮೊರಿ ಸಾಲದು" ಎಂದು ಬಿದ್ದುಹೋಗುತ್ತಿದ್ದವು. 24 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೂ ಅದೇ ದೂರು! ನಿಜವಾದ ರೋಗಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್. ಅತಿಯಾದ ವೋಲ್ಟೇಜ್ ಉಂಡು ಸವೆದಿದ್ದ ಅದು, ಕಂಪ್ರೆಸ್ ಮಾಡಿಟ್ಟ ಕಡತಗಳನ್ನು ಬಿಚ್ಚುವಾಗ ಲೆಕ್ಕ ತಪ್ಪುತ್ತಿತ್ತು. 2024ರಲ್ಲಿ ಇಂಟೆಲ್ ಇದನ್ನು ಒಪ್ಪಿಕೊಂಡು ಮೈಕ್ರೋಕೋಡ್ (ಚಿಪ್ಪಿನೊಳಗಿನ ಆಜ್ಞೆಗಳ) ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹಿಗ್ಗಿಸಿತು. ಆಗಲೇ ಸವೆದುಹೋದ ಚಿಪ್ ಮಾತ್ರ ತಿದ್ದುಪಡಿಯಿಂದ ಸರಿಹೋಗುವುದಿಲ್ಲ, ಬದಲಾಯಿಸಲೇಬೇಕು.

ಸಾಫ್ಟ್‌ವೇರ್ ತಪ್ಪಿಗೆ ಸಾಮಾನ್ಯವಾಗಿ ಒಂದು ಶಿಸ್ತು ಇರುತ್ತದೆ. ಅದೇ ಬಟನ್ ಒತ್ತಿದರೆ ಅದೇ ಜಾಗದಲ್ಲಿ ಬೀಳುತ್ತದೆ. ರ‍್ಯಾಮ್ ಕೆಟ್ಟಿದ್ದರೆ ಬೆಳಿಗ್ಗೆ ಬ್ರೌಸರ್, ಮಧ್ಯಾಹ್ನ ಎಕ್ಸೆಲ್. ನೀಲಿ ಪರದೆಯಲ್ಲಿ ದಿನಕ್ಕೊಂದು ಹೆಸರು. ಫಾರ್ಮ್ಯಾಟ್ ಮಾಡಹೊರಟರೆ ವಿಂಡೋಸ್ ಅರ್ಧಕ್ಕೆ ನಿಂತು "ಕಡತ ಹಾಳಾಗಿದೆ" ಎನ್ನುತ್ತದೆ. ಬೈಗುಳ ಪೆನ್‌ಡ್ರೈವ್‌ಗೆ.

ಇಂಥಲ್ಲಿ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಕೇಸಿನ ಲೋಹದ ಭಾಗ ಮುಟ್ಟಿ, ಆಮೇಲೆ ರ‍್ಯಾಮ್ ಹೊರತೆಗೆಯಿರಿ. ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ನಮ್ಮ ರಿಪೇರಿ ಅಂಗಡಿಗಳ ಹಳೇ ವಿದ್ಯೆ. ಕೆಲಸ ಮಾಡುತ್ತದೆ, ಆದರೆ ಪುಡಿ ಸ್ಲಾಟಿಗೆ ಬಿದ್ದರೆ ಹೊಸ ರೋಗ. ಐಸೊಪ್ರೊಪೈಲ್ ಆಲ್ಕೊಹಾಲ್ ಇದ್ದರೆ ಅದೇ ಮೇಲು. ಕರಾವಳಿಯ ತೇವಕ್ಕೆ ಈ ಅಂಚುಗಳು ಬೇಗ ಕಪ್ಪಾಗುತ್ತವೆ. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ, ಅಂದರೆ ರ‍್ಯಾಮಿನ ವೇಗ ಏರಿಸುವ ಸೆಟ್ಟಿಂಗ್, ಆನ್ ಇದ್ದರೆ ಆಫ್ ಮಾಡಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ಎರರ್ ಬಂದರೂ ಫೇಲ್; ಇಲ್ಲಿ ಗ್ರೇಸ್ ಮಾರ್ಕ್ಸ್ ಇಲ್ಲ. ಆಮೇಲೆ ಒಂದೊಂದೇ ಸ್ಟಿಕ್ಕನ್ನು ಒಂದೇ ಸ್ಲಾಟಿನಲ್ಲಿ ಹಾಕಿ ನೋಡಿ, ಪಾಸಾದದ್ದನ್ನು ಉಳಿದ ಸ್ಲಾಟುಗಳಲ್ಲಿ. ಸ್ಲಾಟೇ ಕೆಟ್ಟಿದ್ದು ಹೊಸ ರ‍್ಯಾಮ್ ಕೊಂಡವರು ಬೇಕಾದಷ್ಟಿದ್ದಾರೆ.

ಡಿಸ್ಕಿನ ಆರೋಗ್ಯ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ಸಾಕು. ಹಾರ್ಡ್‌ಡಿಸ್ಕಿನ ಸಿ5 ಸಾಲಿನಲ್ಲಿ (ಓದಲಾಗದೆ ಬಾಕಿ ಬಿದ್ದ ಜಾಗಗಳ ಲೆಕ್ಕ) ರಾ ವ್ಯಾಲ್ಯೂ ಸೊನ್ನೆಗಿಂತ ಹೆಚ್ಚಿದ್ದರೆ ಮೊದಲು ಬ್ಯಾಕಪ್, ಮಿಕ್ಕ ಸಂಶೋಧನೆ ಆಮೇಲೆ. ಸಿ7 (ಡೇಟಾ ಸಾಗಣೆಯಲ್ಲಾದ ತಪ್ಪುಗಳ ಲೆಕ್ಕ) ಏರುತ್ತಿದ್ದರೆ ಹೆಚ್ಚಾಗಿ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲಿನದೇ ತಪ್ಪು. ಆ ಅಂಕಿ ಕೆಳಗಿಳಿಯುವುದಿಲ್ಲ. ಬರೆದಿಟ್ಟುಕೊಂಡು, ಕೇಬಲ್ ಬದಲಿಸಿ, ಮತ್ತೆ ಏರುತ್ತದೆಯೇ ನೋಡಬೇಕು.

ನೀಲಿ ಪರದೆಯೂ ಇಲ್ಲದೆ ದಿಢೀರನೆ ರೀಸ್ಟಾರ್ಟ್ ಆದರೆ ಅನುಮಾನ ಎಸ್‌ಎಂಪಿಎಸ್ ಮೇಲೆ, ಅಂದರೆ ಕಂಪ್ಯೂಟರಿಗೆ ಕರೆಂಟು ಪೂರೈಸುವ ಡಬ್ಬದ ಮೇಲೆ. ವಿಂಡೋಸಿನ ದಿನಚರಿಯಾದ ಈವೆಂಟ್ ವ್ಯೂವರ್‌ನಲ್ಲಿ "ಕರ್ನಲ್-ಪವರ್ 41" ಕಂಡವರು ಕಳ್ಳ ಸಿಕ್ಕ ಎಂದು ಕುಣಿಯುತ್ತಾರೆ. ಹೇಳದೆ ಕೇಳದೆ ಆರಿಹೋಯಿತು ಎಂದಷ್ಟೇ ಅದರ ಅರ್ಥ, ಅದು ನಿಮಗೂ ಗೊತ್ತಿತ್ತು. 12 ವೋಲ್ಟ್ ತಂತಿಯಲ್ಲಿ 11.4ರಿಂದ 12.6 ಇರಬೇಕು, ಅದೂ ಭಾರ ಬಿದ್ದಾಗ. ಸುಮ್ಮನಿದ್ದಾಗ ಅಳೆದರೆ ಎಂಥ ಕಳಪೆ ಎಸ್‌ಎಂಪಿಎಸ್ಸೂ ಸಭ್ಯವೇ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದರ ಮೇಲಿನ "450 ವ್ಯಾಟ್" ಎಂಬುದನ್ನು ಕಾವ್ಯವೆಂದು ಓದಿಕೊಳ್ಳಿ. ಚೆನ್ನಾಗಿರುವ ಇನ್ನೊಂದನ್ನು ತಂದು ಜೋಡಿಸಿ ನೋಡುವುದೇ ಪರೀಕ್ಷೆ. ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಹೆಚ್ಚು ಕೂತಿರಬಹುದು, ಆದ್ದರಿಂದ ಡಬ್ಬ ಬಿಚ್ಚಬೇಡಿ. ಕರೆಂಟು ಮಿಟುಕಿದಾಗ ಮಾತ್ರ ಹೀಗಾದರೆ ಯುಪಿಎಸ್ ಬ್ಯಾಟರಿ ಸತ್ತಿರಬಹುದು. ಕೆಲಸ ಸೇವ್ ಮಾಡಿ, ಗೋಡೆಯ ಸ್ವಿಚ್ ಆರಿಸಿ ನೋಡಿ. ಪ್ಲಗ್ ಕೀಳಬೇಡಿ, ಅರ್ತಿಂಗ್ ತಪ್ಪಿಹೋಗುತ್ತದೆ.

ಬೆಳಗಾಗೆದ್ದು ಯಾವ ವೆಬ್‌ಸೈಟೂ ತೆರೆಯದಿದ್ದರೆ, ಇಂಟರ್ನೆಟ್‌ನವರಿಗೆ ಫೋನ್ ಹಚ್ಚುವ ಮೊದಲು ಮೂಲೆಯ ಗಡಿಯಾರ ನೋಡಿ. ದಿನಾಂಕ ತಪ್ಪಿದ್ದರೆ ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರವನ್ನು ಬ್ರೌಸರ್ ನಂಬುವುದಿಲ್ಲ. ಇಸವಿ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಬ್ಯಾಟರಿ ಮುಗಿದಿದೆ.

ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ತಾನಾಗಿ ಕ್ಲಿಕ್ ಆಗುತ್ತಿದೆಯೇ? ಹ್ಯಾಕರ್, ಡ್ರೈವರ್, ಗ್ರಹಚಾರ ಎಲ್ಲ ಬದಿಗಿಟ್ಟು ಅದನ್ನು ಸಮತಟ್ಟಾದ ಮೇಜಿನ ಮೇಲಿಡಿ. ನಾಲ್ಕು ಕಾಲೂ ಊರದೆ ಅಲುಗಾಡಿದರೆ, ಅಡಿಯ ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತುತ್ತಿರಬಹುದು. ಅದರ ಮೇಲೆ ಭಾರ ಹೇರಿ ಚಪ್ಪಟೆ ಮಾಡುವುದು, ಸೂಜಿ ಚುಚ್ಚಿ ಗಾಳಿ ತೆಗೆಯುವುದು ಬೇಡವೇ ಬೇಡ, ಬೆಂಕಿ ಹತ್ತುತ್ತದೆ. ಡ್ರೈವರ್ ಅಪ್‌ಡೇಟ್ ಮಾಡಿ ಎನ್ನುವವರು ಎನ್ನುತ್ತಿರಲಿ, ನೀವು ಮೊದಲು ಚಾರ್ಜರ್ ಕಿತ್ತಿಡಿ.