ತಪ್ಪು ಹಾಲಿನದ್ದೇ

ಮನೆಯಲ್ಲಿ ಕೂಸಿದ್ದರೆ ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ: "ರಾತ್ರಿ ಮಲಗ್ತಾನಾ?" ಅವನ ತಾಯಿ ಮಲಗ್ತಾಳಾ ಅಂತ ಯಾರೂ ಕೇಳಲ್ಲ, ಅದು ಬಿಡಿ. "ಇಲ್ಲ" ಅಂದಿರೋ, ಮುಗೀತು. ಇವತ್ತು ಬೆಳಗ್ಗೆ ದೊಡ್ಡಮ್ಮನ ತೀರ್ಪು ಬಂತು: "ನಿನ್ನ ಹಾಲು ಸಾಲ್ತಿಲ್ಲ ಕಣೇ. ಮಲಗಿಸೋ ಮುಂಚೆ ಒಂದು ಬಾಟಲಿ ಡಬ್ಬಿ ಹಾಲು ಕುಡಿಸು, ಬೆಳಗಿನವರೆಗೆ ಮಿಸುಕಲ್ಲ." ಮಧ್ಯಾಹ್ನ ಅತ್ತಿಗೆಯದ್ದು: "ಅಯ್ಯೋ, ಡಬ್ಬಿ ಹಾಲು ಕೊಡ್ತೀಯಾ? ಅದಕ್ಕೇ ಹೊಟ್ಟೆ ಉಬ್ಬರಿಸಿಕೊಂಡು ಏಳ್ತಿದೆ ಮಗು!" ಎರಡನ್ನೂ ಕೊಡುವ ನನಗೆ ಎರಡೂ ಕಡೆಯ ಬೈಗುಳ ತಪ್ಪಿದ್ದಲ್ಲ.

ದೊಡ್ಡಮ್ಮನ ಮಾತು ಪೂರ್ತಿ ಸುಳ್ಳೂ ಅಲ್ಲ, ಅದೇ ಸಂಕಟ. ಎದೆಹಾಲಿನಲ್ಲಿ ವೇ ಅನ್ನುವ ಪ್ರೋಟೀನ್ ಜಾಸ್ತಿ, ಬೇಗ ಅರಗುತ್ತದೆ. ಡಬ್ಬಿ ಪುಡಿಗೆ ಸಾಮಾನ್ಯವಾಗಿ ಮೂಲ ಹಸುವಿನ ಹಾಲು; ಅದರಲ್ಲಿ ಕೇಸಿನ್ ಅನ್ನುವ ಇನ್ನೊಂದು ಪ್ರೋಟೀನ್ ಜಾಸ್ತಿ, ಹೊಟ್ಟೆಯಲ್ಲಿ ಗಟ್ಟಿಯಾಗಿ ಒಡೆದು ನಿಧಾನಕ್ಕೆ ಕರಗುತ್ತದೆ. ಕಂಪನಿಯವರು ಎಷ್ಟೇ ಅಳತೆ ತಿದ್ದಿ ಪುಡಿ ಮಾಡಿದರೂ ಅದು ಎದೆಹಾಲಿಗಿಂತ ಸ್ವಲ್ಪ ಹೆಚ್ಚು ಹೊತ್ತು ಹೊಟ್ಟೆಯಲ್ಲಿ ಕೂರುತ್ತದೆ. ಹೀಗಾಗಿ ಮೊದಲ ತಿಂಗಳುಗಳಲ್ಲಿ ಒಂದಿಷ್ಟು ಹೊತ್ತು ಜಾಸ್ತಿ ಮಲಗುವ ಮಕ್ಕಳೂ ಇದ್ದಾವು. ಆದರೆ ಕೂಸು ಹಸಿವಾದಾಗ ಮಾತ್ರ ಏಳುತ್ತದೆ ಅಂತ ಹೇಳಿದವರ್ಯಾರು? ಅದರ ನಿದ್ದೆಯ ಒಂದು ಸುತ್ತು 50 ನಿಮಿಷದ ಆಸುಪಾಸು. ಅದರಲ್ಲೂ ಅರ್ಧ, ಕೈಕಾಲು ಆಡಿಸಿ ಮುಖ ಕಿವುಚುವ ನಿದ್ದೆ. ಹಗಲು ಯಾವುದು ರಾತ್ರಿ ಯಾವುದು ಅಂತ ಮೈಗೆ ತಿಳಿಯುವುದಕ್ಕೇ ಎರಡು ಮೂರು ತಿಂಗಳು ಬೇಕು. ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ ಅನ್ನುವುದು ನಿಜವೇ, ಕೊಡುವುದು ಮಾತ್ರ ಚಿಲ್ಲರೆಯಲ್ಲಿ. ಆರು ತಿಂಗಳು ದಾಟಿದ ಮಕ್ಕಳನ್ನು ಹೋಲಿಸಿ ನೋಡಿದವರಿಗೆ, ಎದೆಹಾಲಿನವೂ ಡಬ್ಬಿ ಹಾಲಿನವೂ ರಾತ್ರಿ ಏಳುವುದರಲ್ಲಿ ಒಂದಕ್ಕೊಂದು ಬಿಟ್ಟುಕೊಟ್ಟಿದ್ದು ಕಾಣಲಿಲ್ಲ. ಸುಲಭವಾಗಿ ಎಚ್ಚರಗೊಳ್ಳುವುದು ಎಳೆಗೂಸಿಗೆ ಒಂದು ರಕ್ಷಣೆಯೂ ಹೌದು. ಇದನ್ನೆಲ್ಲ ದೊಡ್ಡಮ್ಮನಿಗೆ ಹೇಳುವಷ್ಟರಲ್ಲಿ ಅವರು ಫೋನ್ ಇಟ್ಟಾಗಿತ್ತು.

ನಮ್ಮಲ್ಲಿ ರಾತ್ರಿಯ ಬಾಟಲಿ ನಮ್ಮ ಯಜಮಾನರ ಪಾಲಿನದ್ದು. ಮಗು ಕುಂಯ್ ಅಂದರೆ ಏಳುತ್ತಾರೆ, ಸುಳ್ಳು ಹೇಳಬಾರದು. ಎದ್ದ ಮೇಲಿನದ್ದೇ ಕಥೆ. ಮೊದಲು ಮೊಣಕೈವರೆಗೆ ಕೈ ತೊಳೆಯುತ್ತಾರೆ. ಆಮೇಲೆ ನೀರು ಕುದಿಸುತ್ತಾರೆ. ಪುಡಿಯಲ್ಲೂ ಸೂಕ್ಷ್ಮಜೀವಿ ಇರಬಹುದು, ನೀರು 70 ಡಿಗ್ರಿಗಿಂತ ಕೆಳಗಿಳಿಯಬಾರದು ಅಂತ ಎಲ್ಲೋ ಓದಿದ್ದಾರೆ. ಸರಿಯಾಗೇ ಓದಿದ್ದಾರೆ, ಹಾಗಾಗಿ ನಾನು ಬಾಯಿ ಬಿಡುವಂತಿಲ್ಲ. 90 ಎಂಎಲ್ ಗೆರೆಯ ಮುಂದೆ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಒಂದು ಹನಿ ಜಾಸ್ತಿಯಾಯಿತು ಅನಿಸಿದರೆ ಚೆಲ್ಲಿ, ಮತ್ತೆ ಬಗ್ಗುತ್ತಾರೆ. ಪುಡಿಯ ಚಮಚ ತುಂಬಿಸಿ, ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಿ, ಒಂದು. ಮತ್ತೆ ತುಂಬಿಸಿ, ಸವರಿ, ಎರಡು. ಅಷ್ಟರಲ್ಲಿ ಮಗನ ರಾಗ ತಾರಕಕ್ಕೇರಿರುತ್ತದೆ, ಇವರ ಲೆಕ್ಕ ತಪ್ಪಿರುತ್ತದೆ.

"ಏನೇ, ಈಗ ಹಾಕಿದ್ದು ಮೂರನೇದಾ, ನಾಲ್ಕನೇದಾ?"

"ಒಳಗೆ ಕೂತಿರೋ ನನಗೆ ಹೇಗ್ರೀ ಗೊತ್ತಾಗುತ್ತೆ?"

"ನೀನು ಎಣಿಸ್ತಿರ್ಲಿಲ್ವಾ?"

ಪುಡಿ ಜಾಸ್ತಿಯಾದರೆ ಮಲ ಕಟ್ಟುತ್ತದೆ, ಕಿಡ್ನಿಗೆ ಭಾರ. ಕಡಿಮೆಯಾದರೆ ಪೌಷ್ಟಿಕತೆ ಸಾಲದು. ಅಂದಾಜಿನಲ್ಲಿ ಕೊಡುವ ಹಾಗಿಲ್ಲ. ಅಷ್ಟೂ ಚೆಲ್ಲಿ, ಮತ್ತೆ ನೀರು ಕುದಿಸುವುದರಿಂದ ಶುರು.

ಕಾಯಲಾಗದೆ ನಾನೇ ಎದೆಗೆ ಹಚ್ಚಿಕೊಳ್ಳುತ್ತೇನೆ. ಗಬಗಬ ನಾಲ್ಕು ಗುಟುಕು ಕುಡಿದವನು ಆಮೇಲೆ ನಿಧಾನವಾಗುತ್ತಾನೆ. ಬೆವರಿದ ಪುಟ್ಟ ಹಣೆ ನನ್ನ ತೋಳಿಗೆ ಅಂಟಿಕೊಳ್ಳುತ್ತದೆ. ರಾತ್ರಿಯ ಎದೆಹಾಲಿನಲ್ಲಿ ಮೆಲಟೋನಿನ್ ಇರುತ್ತದಂತೆ, ನಿದ್ದೆಯ ಹೊತ್ತಾಯಿತು ಅಂತ ಮೈಗೆ ಹೇಳುವ ಹಾರ್ಮೋನು. ಹಗಲಿನ ಹಾಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮಗುವಿನ ಮೈ ಅದನ್ನು ಹೊತ್ತು ಹೊತ್ತಿಗೆ ತಾನೇ ತಯಾರಿಸಿಕೊಳ್ಳುವುದು ಇನ್ನೂ ಕಲಿತಿರುವುದಿಲ್ಲ. ಕಣ್ಣೆವೆ ಮುಚ್ಚದ ಈ ನನ್ನ ದೇಹ, ತನಗಿಲ್ಲದ ನಿದ್ದೆಯನ್ನು ಹಾಲಿನಲ್ಲಿ ಕಲಸಿ ಇವನಿಗೆ ಕಳಿಸುತ್ತಿದೆ. ಅದು ನೆನಪಾದಾಗ ಯಾರ ಮೇಲೂ ಸಿಟ್ಟು ಉಳಿಯುವುದಿಲ್ಲ, ಒಂದೆರಡು ನಿಮಿಷ. ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಕೂಡ ರಾತ್ರಿಯೇ ಹೆಚ್ಚು. ದೊಡ್ಡಮ್ಮನ ಮಾತು ಕೇಳಿ ದಿನವೂ ರಾತ್ರಿ ಕುಡಿಸುವುದನ್ನು ತಪ್ಪಿಸುತ್ತಾ ಬಂದರೆ ಹಾಲು ಕಡಿಮೆಯಾಗಿ, ದೊಡ್ಡಮ್ಮ ಹೇಳಿದ್ದೇ ನಿಜವಾಗಿಬಿಡುತ್ತದೆ. ಆ ಸಂತೋಷ ಅವರಿಗೆ ನಾನು ಕೊಡಲ್ಲ.

ನಿನ್ನೆಯೂ ಹೀಗೇ ಕುಡಿಯುತ್ತಾ ಮಲಗಿದ. ಮೆಲ್ಲಗೆ ಇಳಿಸಿದ್ದೂ ಆಯಿತು. ಆಗ ಬಂದರು ನೋಡಿ ಇವರು, ಮಣಿಕಟ್ಟಿನ ಮೇಲೆ ಹಾಲಿನ ಹನಿ ಬಿಟ್ಟು ಬಿಸಿ ನೋಡಿಕೊಳ್ಳುತ್ತಾ: "ರೆಡಿ!"

ಮಗು ಎದ್ದಿತು. ಬಂದ ಬಾಟಲಿಯಲ್ಲಿ ಹತ್ತು ಎಂಎಲ್ ಎಳೆದು ಮುಖ ತಿರುಗಿಸಿ ಮಲಗಿತು. ಬಾಯಿ ಹಾಕಿದ ಬಾಟಲಿಯ ಹಾಲನ್ನು ಒಂದು ಗಂಟೆಯೊಳಗೆ ಮುಗಿಸಬೇಕು, ಇಲ್ಲ ಚೆಲ್ಲಬೇಕು. ನಿಯಮ ಇವರಿಗೇ ಬಾಯಿಪಾಠ, ಆದರೂ ಮನಸ್ಸು ಬರಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು, ಉಳಿದ 80 ಎಂಎಲ್ ನೋಡುತ್ತಾ ಮಂಚದ ತುದಿಯಲ್ಲಿ ಕೂತರು.

"ಇನ್ನೊಂದು ಗುಟುಕು ಕುಡೀತಾನೇನೋ, ನೋಡೋಣ್ವಾ?"

"ಎಬ್ಬಿಸಿ ನೋಡಿ ಒಂದ್ಸಲ," ಅಂದೆ.

ನನ್ನ ಧ್ವನಿಯಲ್ಲಿ ಏನು ಕೇಳಿಸಿತೋ, ಸೀದಾ ಹೋಗಿ ಸಿಂಕಿಗೆ ಸುರಿದರು.