1-2ರಲ್ಲಿ ಸೋಲೋದಕ್ಕೂ ಬರಬೇಕು

2015ರ ಫೆಬ್ರವರಿ. ಲಂಡನ್‌ನಲ್ಲಿ ಬುಧವಾರ ರಾತ್ರಿ, ನಮ್ಮಲ್ಲಿ ಗುರುವಾರ ಬೆಳಗಿನ ಜಾವ ಮೂರು ಗಂಟೆ. ಟಿವಿ ಸೌಂಡ್ ಪೂರ್ತಿ ಕಮ್ಮಿ ಮಾಡಿಕೊಂಡು ಹಾಲ್‌ನಲ್ಲಿ ನೆಲದ ಮೇಲೆ ಕೂತಿದ್ದೆ. ಎಮಿರೇಟ್ಸ್ ಸ್ಟೇಡಿಯಂನಲ್ಲಿ ನನ್ನ ಮೆಚ್ಚಿನ ಲಂಡನ್ ಫುಟ್‌ಬಾಲ್ ಕ್ಲಬ್ ಆರ್ಸೆನಲ್, ಎದುರಿಗೆ ಮೊನಾಕೊ. ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಪ್ರೀ ಕ್ವಾರ್ಟರ್ ಫೈನಲ್. ಒಂದು ಪಂದ್ಯ ನಮ್ಮಲ್ಲಿ, ಒಂದು ಅವರಲ್ಲಿ, ಎರಡರ ಗೋಲು ಕೂಡಿಸಿ ಲೆಕ್ಕ. ಇದು ಮೊದಲನೆಯದು. ಎದುರಾಳಿ ಯಾರು ಅಂತ ಗೊತ್ತಾದಾಗ ನಾವೆಲ್ಲ ಖುಷಿಪಟ್ಟಿದ್ದೆವು. ಬಾರ್ಸಿಲೋನಾ ಅಲ್ಲ, ಬಯರ್ನ್ ಅಲ್ಲ, ಮೊನಾಕೊ ತಾನೇ ಅಂತ.

90 ನಿಮಿಷ ಮುಗಿಯುವಾಗ 0-2 ಹಿಂದೆ ಇದ್ದೆವು. ಇಂಜುರಿ ಟೈಮ್‌ನಲ್ಲಿ ಆಕ್ಸ್‌ಲೇಡ್-ಚೇಂಬರ್ಲೇನ್ ಒಂದು ಗೋಲು ಹೊಡೆದ. 1-2. ನಾನು ಎದ್ದು ನಿಂತುಬಿಟ್ಟೆ. ಇನ್ನು ಎರಡು ಮೂರು ನಿಮಿಷ ತಳ್ಳಿದರೆ ಸಾಕಿತ್ತು. ಒಂದು ಗೋಲಿನ ಸೋಲು ಅಷ್ಟೇ, ಅಲ್ಲಿಗೆ ಹೋಗಿ ನೋಡಿಕೊಳ್ಳಬಹುದಿತ್ತು. ಆದರೆ ನಮ್ಮ ಹುಡುಗರು ಎರಡನೇ ಗೋಲಿಗೆ ನುಗ್ಗಿದರು. ಡಿಫೆಂಡರ್‌ಗಳೂ ಮುಂದೆ ಹೋದರು. ಚೆಂಡು ಕಾಲಿಂದ ಜಾರಿತು. ಬದಲಿ ಆಟಗಾರನಾಗಿ ಬಂದಿದ್ದ ಫೆರೇರಾ ಕರಾಸ್ಕೋ ಖಾಲಿ ಜಾಗದಲ್ಲಿ ಓಡಿ ಬಂದು ಹೊಡೆದ. 1-3. ಒಳಗಿನಿಂದ ಅಮ್ಮ "ಇನ್ನೂ ಮಲಗಿಲ್ವೇನೋ?" ಅಂದರು. ಉತ್ತರ ಕೊಡೋಕೂ ಬಾಯಿ ಬರಲಿಲ್ಲ.

ಮೂರು ವಾರ ಬಿಟ್ಟು ಮೊನಾಕೊಗೆ ಹೋಗಿ ಆರ್ಸೆನಲ್ 2-0ಯಿಂದ ಗೆದ್ದಿತು. ಒಟ್ಟು 3-3. ಎದುರಾಳಿಯ ಊರಲ್ಲಿ ಹೊಡೆದ ಗೋಲಿಗೆ ಆಗ ಜಾಸ್ತಿ ಬೆಲೆ. ಅವರು ನಮ್ಮಲ್ಲಿ ಮೂರು ಹೊಡೆದಿದ್ದರು, ನಾವು ಅವರಲ್ಲಿ ಎರಡು. ಮನೆಗೆ ಬಂದೆವು. ಮೊದಲ ಪಂದ್ಯವನ್ನು 1-2ರಲ್ಲೇ ಸೋತಿದ್ದರೆ ನಾವೇ ಮುಂದಿನ ಸುತ್ತಿಗೆ ಹೋಗುತ್ತಿದ್ದೆವು.

ಇಂಗ್ಲಿಷ್ ಕ್ಲಬ್‌ಗಳು ಯುರೋಪಿನಲ್ಲಿ ಯಾಕೆ ಎಡವುತ್ತವೆ ಅಂತ ಯಾರೇ ಕೇಳಲಿ, ನನ್ನ ಕಣ್ಣ ಮುಂದೆ ಬರೋದು ಆ ಮೂರು ನಿಮಿಷ. ಅಲ್ಲಿನ ಲೀಗ್ 90 ನಿಮಿಷದ ಆಟ ಕಲಿಸುತ್ತದೆ. ಯುರೋಪಿನ ನಾಕೌಟ್ 180 ನಿಮಿಷದ ಆಟ. ಇವೆರಡೂ ಬೇರೆ ಬೇರೆ ಆಟಗಳು ಅನ್ನೋದು ನನ್ನ ನಂಬಿಕೆ.

ಅದು ಒಂದು ಸಲದ ಕತೆಯೂ ಅಲ್ಲ. 2011ರಿಂದ 2017ರ ವರೆಗೆ ಸತತ ಏಳು ವರ್ಷ ಆರ್ಸೆನಲ್ ಇದೇ ಸುತ್ತಿನಲ್ಲಿ ಹೊರಬಿತ್ತು. 2012ರಲ್ಲಿ ಮಿಲಾನ್‌ನಲ್ಲಿ 0-4 ಸೋತು, ಲಂಡನ್‌ನಲ್ಲಿ 3-0 ಗೆದ್ದೆವು. 2013ರಲ್ಲಿ ಬಯರ್ನ್ ಎದುರು ಮನೆಯಲ್ಲಿ 1-3 ಸೋತು, ಮ್ಯೂನಿಕ್‌ನಲ್ಲಿ 2-0 ಗೆದ್ದೆವು. ಆ ಬಯರ್ನ್ ಆ ವರ್ಷ ಕಪ್ಪನ್ನೇ ಗೆದ್ದ ತಂಡ! ಅಂದರೆ ಶಕ್ತಿ ಇರಲಿಲ್ಲ ಅಂತಲ್ಲ. ಮೊದಲ ರಾತ್ರಿ ಎಲ್ಲಾ ಕಳೆದುಕೊಂಡು, ಎರಡನೇ ರಾತ್ರಿ ಹುಲಿಗಳ ಹಾಗೆ ಆಡುತ್ತಿದ್ದರು. 2017ರಲ್ಲಿ ಮಾತ್ರ ಅದೂ ಇಲ್ಲ. ಬಯರ್ನ್ ಎರಡೂ ಕಡೆ 5-1. ಅದರ ಬಗ್ಗೆ ಮಾತು ಬೇಡ.

ದುಡ್ಡಿನ ಕೊರತೆ ಅಂತೂ ಅಲ್ಲವೇ ಅಲ್ಲ. ಆ ಮೊನಾಕೊ ಪಂದ್ಯ ನಡೆದ ತಿಂಗಳೇ ಇಂಗ್ಲೆಂಡ್‌ನ ಲೀಗ್ ಆದ ಪ್ರೀಮಿಯರ್ ಲೀಗ್ ಬ್ರಿಟನ್ನಿನ ಟಿವಿ ಹಕ್ಕನ್ನು ಮೂರು ವರ್ಷಕ್ಕೆ 513 ಕೋಟಿ ಪೌಂಡ್‌ಗೆ ಮಾರಿತ್ತು. ಆ ವರ್ಷ ಕ್ವಾರ್ಟರ್ ಫೈನಲ್‌ನಲ್ಲಿ ಒಂದೇ ಒಂದು ಇಂಗ್ಲಿಷ್ ತಂಡ ಇರಲಿಲ್ಲ. 2013ರಲ್ಲೂ ಇರಲಿಲ್ಲ. 2000ದಿಂದ 2025ರ ವರೆಗಿನ 26 ಚಾಂಪಿಯನ್ಸ್ ಲೀಗ್ ಕಪ್‌ಗಳಲ್ಲಿ ಸ್ಪೇನ್‌ಗೆ 12, ಇಂಗ್ಲೆಂಡ್‌ಗೆ 6. ರಿಯಲ್ ಮ್ಯಾಡ್ರಿಡ್ ಒಂದೇ ಎಂಟು ಗೆದ್ದಿದೆ. ಇಂಗ್ಲಿಷರು ಯಾವಾಗಲೂ ಸೋಲುತ್ತಾರೆ ಅಂತ ನಾನು ಹೇಳುತ್ತಿಲ್ಲ. 2019ರಲ್ಲಿ ಚಾಂಪಿಯನ್ಸ್ ಲೀಗ್, ಅದರ ಕೆಳಗಿನ ಟೂರ್ನಿಯಾದ ಯುರೋಪಾ ಲೀಗ್ ಎರಡರ ಫೈನಲ್‌ನಲ್ಲೂ ಇಂಗ್ಲಿಷ್ ತಂಡಗಳೇ ಇದ್ದವು. ಆದರೆ ಸುರಿದ ದುಡ್ಡಿಗೆ ಬಂದ ಕಪ್ ಕಮ್ಮಿ, ಅಲ್ವಾ?

ಸುಸ್ತು ಒಂದು ನಿಜವಾದ ಕಾರಣ, ಒಪ್ಪುತ್ತೇನೆ. ಜರ್ಮನಿಯಲ್ಲಿ ಲೀಗ್‌ಗೆ 18 ತಂಡ, ಒಂದೇ ದೇಶೀ ಕಪ್, ಚಳಿಗಾಲದಲ್ಲಿ ರಜೆ. ಇಂಗ್ಲೆಂಡ್‌ನಲ್ಲಿ 20 ತಂಡ, ಎರಡು ಕಪ್, ಬೇರೆಯವರು ಕ್ರಿಸ್‌ಮಸ್‌ಗೆ ಮನೆ ಸೇರುವಾಗ ಇವರಿಗೆ ಮೈಮುರಿಯುವಷ್ಟು ಆಟ. 2019ರ ಡಿಸೆಂಬರ್‌ನಲ್ಲಿ ಲಿವರ್‌ಪೂಲ್ 17ನೇ ತಾರೀಖು ಬರ್ಮಿಂಗ್‌ಹ್ಯಾಮ್‌ನಲ್ಲಿ ಲೀಗ್ ಕಪ್, 18ನೇ ತಾರೀಖು ಕತಾರ್‌ನಲ್ಲಿ ಕ್ಲಬ್ ವಿಶ್ವಕಪ್ ಆಡಬೇಕಾಯಿತು. ಲೀಗ್ ಕಪ್‌ಗೆ ಬರೀ ಚಿಕ್ಕ ಹುಡುಗರನ್ನು ಇಳಿಸಿದರು. ಆಸ್ಟನ್ ವಿಲ್ಲಾ ಐದು ಗೋಲು ಹಾಕಿತು. ಹೀಗೆ ಯಾರಾದರೂ ವೇಳಾಪಟ್ಟಿ ಮಾಡುತ್ತಾರಾ? ಆ ಮಕ್ಕಳನ್ನು ನೋಡಿ ನನಗೆ ನಿಜವಾಗಿ ಸಿಟ್ಟು ಬಂದಿತ್ತು.

ಆದರೂ ಸುಸ್ತು ಎಲ್ಲವನ್ನೂ ವಿವರಿಸಲ್ಲ. ಇಂಜುರಿ ಟೈಮ್‌ನಲ್ಲಿ ಎಲ್ಲರೂ ಮುಂದೆ ಓಡಿಹೋಗೋದು ಸುಸ್ತಲ್ಲ, ಅಭ್ಯಾಸ. ಇಂಗ್ಲೆಂಡ್‌ನ ಗ್ಯಾಲರಿಗಳನ್ನು ಗಮನಿಸಿ. ಒಂದು ಕಾರ್ನರ್ ಸಿಕ್ಕರೂ ಜನ ಎದ್ದು ಕೂಗುತ್ತಾರೆ. ಚೆಂಡನ್ನು ನಾಲ್ಕು ಸಲ ಹಿಂದಕ್ಕೆ ಕೊಟ್ಟರೆ ಗೊಣಗಾಟ ಶುರು. ಲೀಗ್‌ನಲ್ಲಿ ಅದು ಸರಿಯೇ. ಅಲ್ಲಿ 1-2ರಲ್ಲಿ ಸೋತರೂ 1-3ರಲ್ಲಿ ಸೋತರೂ ಸಿಗೋದು ಸೊನ್ನೆ ಪಾಯಿಂಟ್. ಹಾಗಾಗಿ ನುಗ್ಗೋದೇ ಲಾಭ. ವರ್ಷಕ್ಕೆ 38 ಸಲ ಇದನ್ನೇ ಆಡಿದ ಕಾಲು, ಯುರೋಪಿನ ಒಂದು ರಾತ್ರಿ ಬೇರೆ ಥರ ಆಡು ಅಂದರೆ ಹೇಗೆ ಆಡುತ್ತದೆ?

2022ರ ಸೆಮಿಫೈನಲ್ ನೋಡಿ. ಮ್ಯಾಂಚೆಸ್ಟರ್ ಸಿಟಿ ತನ್ನ ಮನೆಯಲ್ಲಿ ರಿಯಲ್ ಎದುರು 2-0, 3-1, 4-2, ಹೀಗೆ ಮೂರು ಸಲ ಎರಡು ಗೋಲು ಮುಂದಿತ್ತು. ಮೂರು ಸಲವೂ ರಿಯಲ್ ಅದನ್ನು ಒಂದಕ್ಕೆ ಇಳಿಸಿತು. 4-3ಕ್ಕೆ ಮುಗಿದಾಗ ಎಂಥಾ ಪಂದ್ಯ ಅಂತ ಎಲ್ಲರೂ ಹೊಗಳಿದರು. ನನಗೆ ಮಾತ್ರ ಆಗಲೇ ಭಯ ಹತ್ತಿತ್ತು. ಮ್ಯಾಡ್ರಿಡ್‌ನಲ್ಲಿ 89 ನಿಮಿಷ ಆದಾಗ ಸಿಟಿ ಒಟ್ಟು 5-3 ಮುಂದೆ. ಆಮೇಲೆ ರೊಡ್ರಿಗೊ ಒಂದೂವರೆ ನಿಮಿಷದ ಒಳಗೆ ಎರಡು ಹೊಡೆದ. ಹೆಚ್ಚುವರಿ ಸಮಯದಲ್ಲಿ ಬೆಂಜೆಮಾ ಪೆನಾಲ್ಟಿ. ಮುಗಿಯಿತು. ಎರಡು ವರ್ಷದ ನಂತರ ಅದೇ ರಿಯಲ್ ಸಿಟಿಯ ಮನೆಗೆ ಬಂದು, ಬೇಗ ಒಂದು ಗೋಲು ಹೊಡೆದು, ಉಳಿದ ಹೊತ್ತೆಲ್ಲ ತನ್ನ ಬಾಕ್ಸ್ ಕಾಯುತ್ತಾ ಕೂತಿತು. 1-1. ಪೆನಾಲ್ಟಿಯಲ್ಲಿ ಗೆದ್ದು ಹೋಯಿತು. ಆ ದೊಡ್ಡ ಕ್ಲಬ್‌ಗೆ ಹಾಗೆ ಕಾಯುವುದರಲ್ಲಿ ಯಾವ ನಾಚಿಕೆಯೂ ಇರಲಿಲ್ಲ.

ಹಳೇ ಇಂಗ್ಲಿಷರಿಗೆ ಇದು ಗೊತ್ತಿತ್ತು ಅನ್ನೋದೇ ನನಗೆ ಹೊಟ್ಟೆ ಉರಿಸುವ ವಿಷಯ. 1973ರ ಅಕ್ಟೋಬರ್-ನವೆಂಬರ್‌ನಲ್ಲಿ ಲಿವರ್‌ಪೂಲ್ ಯುಗೊಸ್ಲಾವಿಯಾದ ರೆಡ್ ಸ್ಟಾರ್ ಬೆಲ್‌ಗ್ರೇಡ್ ಎದುರು ಸೋತಿತು. ಅಲ್ಲೂ 1-2, ತನ್ನ ಮನೆಯಾದ ಆನ್‌ಫೀಲ್ಡ್‌ನಲ್ಲೂ 1-2. ಶೂಗಳನ್ನು ಇಡುವ ಚಿಕ್ಕ ಕೋಣೆ, ಅಂದರೆ ಬೂಟ್ ರೂಮ್‌ನಲ್ಲಿ, ಬಿಲ್ ಶ್ಯಾಂಕ್ಲಿ, ಬಾಬ್ ಪೈಸ್ಲಿ ಮತ್ತು ಉಳಿದ ಕೋಚ್‌ಗಳು ಕೂತು ಯೋಚಿಸಿದರು. ಸುಮ್ನೆ ಮುಂದಕ್ಕೆ ಬಾರಿಸಿದರೆ ಆಗಲ್ಲ, ಹಿಂದಿನಿಂದ ತಾಳ್ಮೆಯಿಂದ ಕಟ್ಟಬೇಕು, ಚೆಂಡು ನಮ್ಮ ಹತ್ತಿರವೇ ಇರಬೇಕು ಅಂತ ತೀರ್ಮಾನಕ್ಕೆ ಬಂದರು. 1977ರಿಂದ 1982ರ ವರೆಗೆ ಯುರೋಪಿಯನ್ ಕಪ್, ಅಂದರೆ ಈಗಿನ ಚಾಂಪಿಯನ್ಸ್ ಲೀಗ್, ಸತತ ಆರು ವರ್ಷ ಇಂಗ್ಲೆಂಡ್‌ಗೇ ಬಂತು. ಲಿವರ್‌ಪೂಲ್ ಮೂರು, ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎರಡು, ಆಸ್ಟನ್ ವಿಲ್ಲಾ ಒಂದು. ಇದರಲ್ಲಿ ಕೊನೆಯ ಐದು ಫೈನಲ್‌ಗಳ ಸ್ಕೋರ್ ಏನು ಗೊತ್ತಾ? 1-0, 1-0, 1-0, 1-0, 1-0. ಒಂದು ಗೋಲು ಹೊಡೆದು ಅದನ್ನು ಕಾಪಾಡಿಕೊಳ್ಳೋದು ಇಂಗ್ಲಿಷರ ಕೈಗೆ ಹತ್ತಿದ ಕೆಲಸವಾಗಿತ್ತು.

ಆ ಕಲಿಕೆ ತುಂಡಾಗಿದ್ದು 1985ರಲ್ಲಿ. ಬ್ರಸೆಲ್ಸ್‌ನ ಹೈಸೆಲ್ ಸ್ಟೇಡಿಯಂನಲ್ಲಿ ಫೈನಲ್‌ಗೆ ಮೊದಲು ಲಿವರ್‌ಪೂಲ್ ಅಭಿಮಾನಿಗಳು ನುಗ್ಗಿದಾಗ ಗೋಡೆ ಕುಸಿದು 39 ಜನ ಸತ್ತರು. ಹೆಚ್ಚಿನವರು ಯುವೆಂಟಸ್ ನೋಡಲು ಬಂದಿದ್ದ ಇಟಲಿಯವರು. ಇಂಗ್ಲಿಷ್ ಕ್ಲಬ್‌ಗಳನ್ನು ಐದು ವರ್ಷ, ಲಿವರ್‌ಪೂಲನ್ನು ಆರು ವರ್ಷ ಯುರೋಪಿನ ಟೂರ್ನಿಗಳಿಂದ ಹೊರಗಿಟ್ಟರು. ಆ ಶಿಕ್ಷೆ ನ್ಯಾಯವಾದದ್ದೇ. ಆದರೆ ವಾಪಸ್ ಬರುವಾಗ ಒಂದು ತಲೆಮಾರಿನ ಆಟಗಾರರಿಗೆ ಯುರೋಪ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಜೊತೆಗೆ ಒಂದು ಪಂದ್ಯಕ್ಕೆ ಇಷ್ಟೇ ವಿದೇಶೀಯರು ಅನ್ನುವ ನಿಯಮ ಬೇರೆ. ಸ್ಕಾಟ್‌ಲೆಂಡ್, ವೇಲ್ಸ್‌ನವರೂ ಆ ಲೆಕ್ಕದಲ್ಲಿ ವಿದೇಶೀಯರೇ! 1994ರಲ್ಲಿ ಬಾರ್ಸಿಲೋನಾಕ್ಕೆ ಹೋದಾಗ ಮ್ಯಾಂಚೆಸ್ಟರ್ ಯುನೈಟೆಡ್ ಈ ಲೆಕ್ಕಕ್ಕೋಸ್ಕರ ಗೋಲ್‌ಕೀಪರ್ ಶ್ಮೈಕೆಲ್‌ನನ್ನೇ ಹೊರಗೆ ಕೂರಿಸಿ 0-4 ಸೋತಿತು.

ಆಮೇಲೆ ಗೆದ್ದವರಲ್ಲೂ ನನ್ನ ಮಾತಿಗೆ ಸಾಕ್ಷಿ ಇದೆ. 2005ರಲ್ಲಿ ಲಿವರ್‌ಪೂಲ್ ಲೀಗ್‌ನಲ್ಲಿ ಐದನೇ ಸ್ಥಾನ. ಆದರೂ ಅವರ ಕೋಚ್ ರಾಫಾ ಬೆನಿಟೆಜ್ ಸೆಮಿಫೈನಲ್‌ನ ಎರಡು ಪಂದ್ಯ ಸೇರಿಸಿ ಚೆಲ್ಸಿಯನ್ನು ಒಂದೇ ಗೋಲಿನಿಂದ ದಾಟಿದರು. 2012ರಲ್ಲಿ ಚೆಲ್ಸಿ ಲೀಗ್‌ನಲ್ಲಿ ಆರನೇದು. ಬಾರ್ಸಿಲೋನಾದ ಮನೆಯಲ್ಲಿ ನಾಯಕ ಟೆರ್ರಿ ರೆಡ್ ಕಾರ್ಡ್ ತಿಂದು ಹೋದ ಮೇಲೂ ಹತ್ತು ಜನ ನಿಂತು 2-2 ಮಾಡಿಕೊಂಡು ಬಂದರು. 2025ರಲ್ಲಿ ಟಾಟನ್‌ಹ್ಯಾಮ್ ಲೀಗ್‌ನಲ್ಲಿ 17ನೇ ಸ್ಥಾನಕ್ಕೆ ಬಿದ್ದ ತಂಡ. ಯುರೋಪಾ ಲೀಗ್ ಫೈನಲ್‌ನಲ್ಲಿ ಯುನೈಟೆಡ್ ಎದುರು ಒಂದು ಗೋಲು ಹೊಡೆದು ಹಿಂದೆ ಸರಿಯಿತು. ಗೋಲಿನೊಳಗೆ ಹೋಗುತ್ತಿದ್ದ ಚೆಂಡನ್ನು ಟಾಟನ್‌ಹ್ಯಾಮ್ ಡಿಫೆಂಡರ್ ವಾನ್ ಡೆ ವೆನ್ ಗಾಳಿಯಲ್ಲಿ ಹಾರಿ ಒದ್ದು ಹೊರಹಾಕಿದ. ಮತ್ತೆ 1-0. ಆರ್ಸೆನಲ್ ಅಭಿಮಾನಿಯಾಗಿ ಟಾಟನ್‌ಹ್ಯಾಮ್‌ನ ಗೆಲುವು ನನಗೆ ನೋವೇ. ಆದರೆ ಆ ಒದೆತವನ್ನು ನಾನು ಹತ್ತು ಸಲ ನೋಡಿದ್ದೇನೆ.

ಅದೇ ವರ್ಷ ಏಪ್ರಿಲ್‌ನಲ್ಲಿ ಆರ್ಸೆನಲ್ ಲಂಡನ್‌ನಲ್ಲಿ ರಿಯಲ್‌ಗೆ 3-0 ಹೊಡೆದು ಮ್ಯಾಡ್ರಿಡ್‌ಗೆ ಹೋಯಿತು. ಶುರುವಿನಲ್ಲೇ ನಮ್ಮ ಆಟಗಾರ ಸಾಕಾ ಪೆನಾಲ್ಟಿಯಲ್ಲಿ ಗೋಲು ತಪ್ಪಿಸಿಕೊಂಡ. ಹಿಂದಿನ ಆರ್ಸೆನಲ್ ಆಗಿದ್ದರೆ ಅಲ್ಲಿಂದಲೇ ಕುಸಿಯುತ್ತಿತ್ತು. ಈ ಹುಡುಗರು ಗಾಬರಿಯಾಗಲಿಲ್ಲ. ಚೆಂಡನ್ನು ಹಿಂದಕ್ಕೆ ಕೊಟ್ಟರು, ಪಕ್ಕಕ್ಕೆ ಕೊಟ್ಟರು, ಥ್ರೋಗೆ ನಿಧಾನ ಮಾಡಿದರು. ರಿಯಲ್‌ನ ಜನ ಅಷ್ಟು ಕೂಗುತ್ತಿದ್ದರೂ ಅರ್ಧ ಆಟ 0-0. ಸೆಮಿಫೈನಲ್‌ನಲ್ಲಿ ಪ್ಯಾರಿಸ್ ನಮ್ಮನ್ನು ಮನೆಗೆ ಕಳಿಸಿತು, ಅದು ಬೇರೆ ಮಾತು. ಆದರೆ ಆ ರಾತ್ರಿ ಒಂದೂವರೆ ಗಂಟೆಗೆ, ಏನೂ ಆಗದ ಆ 0-0 ನೋಡುತ್ತಾ, ಹತ್ತು ವರ್ಷದಲ್ಲಿ ಮೊದಲ ಸಲ ನಾನು ಸೋಫಾಗೆ ಆರಾಮಾಗಿ ಒರಗಿಕೊಂಡಿದ್ದೆ.